ಎಡಗಡೆಯ ಸೀಟು

"ಎಷ್ಟು ವರ್ಷದಿಂದ ಕಾರು ಓಡಿಸ್ತಿದ್ದೀರಾ ಸರ್?" ಎಂದಳು ಟ್ರಾವೆಲ್ಸ್‌ನ ಹುಡುಗಿ.

"ಇಪ್ಪತ್ತಾಯ್ತು. ಒಂದೇ ಒಂದು ಸಲ ಮಗುಚಿದ್ದು, ಘಾಟಿಯಲ್ಲಿ."

"ಹಾಗಾದ್ರೆ ಬಾಡಿಗೆ ಕಾರಲ್ಲಿ ನೀವೇ ಓಡಿಸ್ಕೊಂಡು ಸುತ್ತೋಕೆ ನ್ಯೂಜಿಲೆಂಡ್‌ಗೆ ಹೋಗಿ. ಅಲ್ಲೂ ನಮ್ಮ ಥರಾನೇ ಸ್ಟೀರಿಂಗ್ ಬಲಗಡೆ, ನಿಮಗೆ ಸುಲಭ."

"ಬೇಡ. ಸ್ಟೀರಿಂಗ್ ಎಡಗಡೆ ಇರೋ ದೇಶ ಹೇಳಮ್ಮ."

"ಅಭ್ಯಾಸ ಇಲ್ದೋರಿಗೆ ಕಷ್ಟ ಸರ್."

ಕಷ್ಟಕ್ಕೆ ವಾದಿರಾಜರು ಹೆದರುವವರಲ್ಲ. ಆ ಘಾಟಿಯಲ್ಲಿ ಹೆಂಡತಿ ತೀರಿಕೊಂಡದ್ದು ಎಡಗಡೆಯ ಸೀಟಿನಲ್ಲಿ, ಬೆಲ್ಟ್ ಹಾಕದೆ. ಅಂದಿನಿಂದ ಯಾವ ಕಾರು ಹತ್ತಿದರೂ ಆ ಖಾಲಿ ಸೀಟಿನ ಬೆಲ್ಟ್ ಅಲಾರಂ ಬಾಯಿ ಮುಚ್ಚುತ್ತಿರಲಿಲ್ಲ. ಎಡಗಡೆ ತಾವೇ ಕೂತುಬಿಟ್ಟರೆ ಅವಳಿಗೆ ಜಾಗವೆಲ್ಲಿ?

"ಹಾಗಾದ್ರೆ ಐಸ್‌ಲ್ಯಾಂಡ್," ಎನ್ನುತ್ತ ಹುಡುಗಿ ಅವರ ಪಕ್ಕದ ಖಾಲಿ ಕುರ್ಚಿಯತ್ತ ತಿರುಗಿ ನಕ್ಕಳು. "ಮೇಡಂ, ನಿಮಗೆ ಬಲಗಡೆ ಕೂತ್ರೆ ಪರವಾಗಿಲ್ವಾ?"