ಮೇಲಿನ ಊರು

ಮಂಗಳ ಗ್ರಹದಲ್ಲಿ ಊರು ಕಟ್ಟುತ್ತೇವೆ ಅನ್ನುವ ಕಂಪನಿಗೆ ಜನ ಸೇರಿಸುವುದು ಅವಳ ಕೆಲಸ. ಆವತ್ತು ಭಾಷಣ ಮುಗಿಸಿದವಳೇ ನೇರ ಅಪ್ಪನ ಹತ್ತಿರ ಓಡಿಬಂದಳು. ಅಪ್ಪ ಚರ್ಚಿನ ಪಾಸ್ಟರ್. ಮರುದಿನ ಯಾರದೋ ಮಣ್ಣಿಗೆ ಹೋಗಬೇಕಿತ್ತು, ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದರು.

"ತಪ್ಪು ಮಾಡಿಬಿಟ್ಟೆ ಅಪ್ಪಾ. ಸಮಾಧಿ ಹತ್ತಿರ ನಿಂತು ನೀವು ಹೇಳ್ತೀರಲ್ಲ, ಅಲ್ಲಿ ಕಣ್ಣೀರಿಲ್ಲ, ನೋವಿಲ್ಲ, ನಮಗೆ ಮನೆ ಸಿದ್ಧವಾಗಿದೆ ಅಂತ? ಅದನ್ನೇ ಕದ್ದು ಹೇಳಿದೆ. ಪರಲೋಕ ಅನ್ನೋ ಕಡೆಯೆಲ್ಲ ಮಂಗಳ ಅಂದೆ, ಅಷ್ಟೇ."

"ಜನ ನಂಬಿದರಾ?"

"ಕಣ್ಣೀರು ಹಾಕ್ಕೊಂಡು ನಂಬಿದರು. ಅಲ್ಲಿ ಮನೆಯೂ ಇಲ್ಲ, ಮಠವೂ ಇಲ್ಲ. ಹೋದವರು ವಾಪಸ್ ಬರೋ ಹಾಗೂ ಇಲ್ಲ. ನಮ್ಮಲ್ಲಿ ಒಬ್ಬರೂ ಹೋಗಿ ನೋಡಿಲ್ಲ!"

ಅಪ್ಪ ಇಸ್ತ್ರಿಪೆಟ್ಟಿಗೆ ಎತ್ತಿಟ್ಟರು. ಚೆನ್ನಾಗಿ ಬೈದುಬಿಡಲಿ, ಎದೆಯ ಭಾರವಾದರೂ ಇಳಿಯಲಿ ಅಂತ ಅವಳು ತಲೆ ತಗ್ಗಿಸಿ ಕಾದಳು.

"ಆ ಗ್ರಹ ಅಂತೂ ಇರೋದು ನಿಜ ತಾನೇ?"

"ಇದೆ ಅಪ್ಪಾ. ಮೋಡ ಇಲ್ಲದಿದ್ದರೆ ಬರಿಗಣ್ಣಿಗೇ ಕಾಣುತ್ತೆ."

ಅಪ್ಪ ನಿಲುವಂಗಿಯನ್ನು ಮೆಲ್ಲಗೆ ಮಡಚಿ ಪಕ್ಕಕ್ಕಿಟ್ಟರು.

"ಹಾಗಾದರೆ ನನ್ನ ಹೆಸರೂ ಬರ್ಕೋ, ಮಗಳೇ."