ನ್ಯಾನೋಕಡ್ಡಿಯ ನೀಲಿ ಬೆಳಕು

ಕಣ್ಣಿಗೆ ಕಾಣದಷ್ಟು ಸಣ್ಣ ಜಿಂಕ್ ಆಕ್ಸೈಡಿನ ನ್ಯಾನೋಕಡ್ಡಿಗಳನ್ನು ಬೆಳೆಸಿದ್ದ ಗಾಜಿನ ಚೂರು ನೇರಳಾತೀತ ದೀಪದ ಕೆಳಗೆ ನೀಲಿಯಾಗಿ ಹೊಳೆದದ್ದೇ ತಡ, ಪ್ರೊಫೆಸರರು ಪತ್ರಕರ್ತರನ್ನು ಕರೆಸಿಬಿಟ್ಟರು.

"ಸರ್, ಆ ಗಾಜನ್ನ ಬಟ್ಟೆ ಸೋಪಿನ ಪುಡೀಲಿ ತೊಳೆದಿದ್ದೆ, ಸರಿಯಾಗಿ ಜಾಲಿಸಿರಲಿಲ್ಲ. ಹೊಳೀತಿರೋದು ಕಡ್ಡಿ ಅಲ್ಲ, ಆ ಪುಡಿನೇ ಇರ್ಬೇಕು," ಎಂದಳು ಸಂಶೋಧನಾ ವಿದ್ಯಾರ್ಥಿನಿ, ಅಂಜುತ್ತಲೇ.

"ಸೋಪಿನ ಪುಡಿ ಎಲ್ಲಾದ್ರೂ ಹೊಳೆಯುತ್ತೇನಮ್ಮಾ? ನನಗೇ ಪಾಠ ಹೇಳ್ತೀಯಾ? ಸುಮ್ನೆ ದೀಪ ಹಾಕು."

ಪತ್ರಕರ್ತರು ಬಂದು ಕೂತರು. ಅವಳು ಕಿಟಕಿ ಮುಚ್ಚಿ, ಆ ದೀಪ ಹಾಕಿದಳು. ಗಾಜು ಮಂಕಾಗಿ ಮಿನುಗಿತು.

"ಈ ಬೆಳಕು ಪ್ರಪಂಚದಲ್ಲಿ ಬೇರೆಲ್ಲೂ ನೋಡೋಕೆ ಸಿಗಲ್ಲ!" ಎಂದು ಪ್ರೊಫೆಸರರು ಎದೆಯುಬ್ಬಿಸಿದರು.

ಈ ದಿನಕ್ಕೆಂದೇ ಒಗೆಸಿ ಹಾಕಿಕೊಂಡು ಬಂದಿದ್ದ ಅವರ ಬಿಳಿ ಶರ್ಟು, ಗಾಜಿಗಿಂತ ಜೋರಾಗಿ, ಅದೇ ನೀಲಿಯಲ್ಲಿ ಝಗಝಗಿಸುತ್ತಿತ್ತು.