ಉಗುಳುವ ಬಟ್ಟಲು

“ನುಂಗಬ್ಯಾಡ್ರಿ ಚಂದವ್ವಾ. ಬಾಯಾಗ ಹೊರಳಾಡಿಸಿ ಈ ಬಟ್ಟಲದಾಗ ಉಗುಳ್ರಿ,” ಎಂದಳು ರಾಜೇಶ್ವರಿ. ಇಂಡಿ ಹತ್ತಿರದ ವೈನ್ ಕಾರ್ಖಾನೆಯಲ್ಲಿ ರುಚಿ ನೋಡುವುದೇ ಅವಳ ನೌಕರಿ. ತಮ್ಮ ವೈನಿನ ಜೊತೆ ಹೋಲಿಸಲಿಕ್ಕೆ ಫ್ರಾನ್ಸಿನ ಬಾಟ್ಲಿಯೊಂದನ್ನು ತೆರೆದಿದ್ದಳು. ದ್ರಾಕ್ಷಿ ಹಣ್ಣಾಗಿದೆಯೋ ಇಲ್ಲವೋ ಎಂದು ಸಿಹಿ ಅಳೆಯುವ ಯಂತ್ರಕ್ಕಿಂತ ಮೊದಲೇ ಹೇಳುವ ನಾಲಗೆ ಚಂದವ್ವನದು. ಅದಕ್ಕೇ ಅವಳನ್ನು ದ್ರಾಕ್ಷಿ ತೋಟದ ಕೂಲಿ ಕೆಲಸದಿಂದ ಕರೆಸಿದ್ದಳು.

ಚಂದವ್ವ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದಳು. ಎಂಟು ತಿಂಗಳ ಹಿಂದೆ ಕುಡಿದು ಕುಡಿದೇ ಸತ್ತ ಗಂಡನ ವಾಸನೆ ಬರಬಹುದೆಂದು ಕಾದಳು. ಬರಲಿಲ್ಲ. ಒಂದು ಗುಟುಕು ತೆಗೆದುಕೊಂಡು, ಹೇಳಿದಂತೆ ಹೊರಳಾಡಿಸಿ, ಉಗುಳಿದಳು.

“ಮೊದ್ಲ ನೇರಳಿಹಣ್ಣು. ಆಮ್ಯಾಲ ಹಳೀ ಕಟಗಿ ಪೆಟಿಗಿ ವಾಸನಿ. ಕಡೀಕ ನಾಲಗಿ ಒಣಗಸ್ತೈತ್ರಿ, ದಾಳಿಂಬ್ರಿ ಸಿಪ್ಪಿ ಕಡದಂಗ.”

ರಾಜೇಶ್ವರಿ ಖುಷಿಯಿಂದ ಬರೆದುಕೊಂಡಳು. “ನಾ ದಿನಾ ಇಪ್ಪತ್ತು ಥರ ಹಿಂಗ ನೋಡ್ತೇನ್ರಿ. ಒಂದು ಹನಿನೂ ಹೊಟ್ಟಿಗೆ ಹೋಗಂಗಿಲ್ಲ.”

ಚಂದವ್ವ ಬಟ್ಟಲಲ್ಲಿದ್ದ ಕೆಂಪನ್ನು ನೋಡುತ್ತ ನಿಂತಳು. ಆಮೇಲೆ ಅದನ್ನು ನಲ್ಲಿಗೆ ಒಯ್ದು, ಮನೆಯ ಪಾತ್ರೆಯಂತೆ ತಿಕ್ಕಿ ತೊಳೆದು, ಬೋರಲು ಹಾಕಿದಳು.

“ಹಿಂಗ ಉಗುಳಾಕ ಬರ್ತೈತಿ ಅಂತ ನಮ್ಮ ಮನಿಯವ್ರಿಗೆ ಯಾರೂ ಹೇಳ್ಲೇ ಇಲ್ರಿ,” ಎಂದಳು.